ಗಿಳಿ ಕೂಗಲಿಲ್ಲ

ಕಲ್ಲು ಮೇಷ್ಟ್ರ ಅಂಗಿಯ ಕಾಲರಿಗೆ ಸೋಪು ಹಚ್ಚಿ ಉಜ್ಜುತ್ತಿದ್ದೆ. ಕೊಳೆ ಇನ್ನೂ ಅರ್ಧವೂ ಬಿಟ್ಟಿರಲಿಲ್ಲ. ಗ್ಯಾಸ್ ಬಾವಿಯ ಕಡೆಯಿಂದ ಸೈರನ್ ಕೂಗಿತು.

ಕೈಯ ನೊರೆಯನ್ನೂ ಒರೆಸಿಕೊಳ್ಳದೆ ಓಡಿದೆ. ತಗಡಿನ ಶೆಡ್ಡಿನ ಬಾಗಿಲಲ್ಲಿ ಜನ ಮುತ್ತಿದ್ದರು. ಒಳಗೆ ಕತ್ತಲು. ಯಾರೋ ಟಾರ್ಚ್ ಹಾಕಿದರು. ಬಾವಿಯ ಬಾಯಿಯ ಸುತ್ತ ತೋಡಿದ ಗುಂಡಿಯ ತಳದಲ್ಲಿ, ಕಬ್ಬಿಣದ ಏಣಿಯ ಬುಡಕ್ಕೆ, ಕಲ್ಲು ಮೇಷ್ಟ್ರು ಮುದುಡಿಕೊಂಡು ಬಿದ್ದಿದ್ದರು.

"ಗ್ಯಾಸ್ ಉಕ್ಕಿದೆ! ಯಾರೂ ಇಳೀಬೇಡಿ!"

ಇಳಿಯುವ ಮನಸ್ಸು ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ನನ್ನ ಭಾವ ಗುಂಪನ್ನು ಸೀಳಿಕೊಂಡು ಬಂದರು. ಭಾವ ಎಂದರೆ ತೀರಿಹೋದ ನಮ್ಮಕ್ಕನ ಗಂಡ. ಬಾವಿ ಕೊರೆಯುವ ಗುಂಪಿನ ಮೇಸ್ತ್ರಿ.

"ಬಾಯಿ ಬಿಟ್ಕೊಂಡು ಏನ್ರೋ ನೋಡ್ತೀರಿ? ಬ್ಲೋವರ್ ತನ್ನಿ! ಪೈಪನ್ನ ತಳಕ್ಕೆ ಬಿಡಿ— ತಳಕ್ಕೆ ಅಂದೆ!"

ಗಾಳಿ ಹೊಡೆಸಿದರು. ಸ್ವಲ್ಪ ಹೊತ್ತು ಕಾದು ತಾವೇ ಇಳಿದರು. ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ತಂದು ಬಿಸಿಲಲ್ಲಿ ಮಲಗಿಸಿದರು. ಜೀವ ಹೋಗಿತ್ತು. ಭಾವ ಪಕ್ಕದಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಆಗ ಒಬ್ಬ ಕತ್ತೆತ್ತಿ ಕೈ ತೋರಿಸಿದ. ಶೆಡ್ಡಿನ ಮಾಡಿನ ಕೊಕ್ಕೆಯಲ್ಲಿ ಗಿಳಿ ನೇತಾಡುತ್ತಿತ್ತು. ಹಸಿರು ದೀಪ ಆರಾಮಾಗಿ ಮಿನುಗುತ್ತಿತ್ತು.

"ಗಿಳಿ ಕೂಗೇ ಇಲ್ವಲ್ಲೋ!"

ಎಲ್ಲರ ಕಣ್ಣೂ ಒಮ್ಮೆಗೇ ನನ್ನ ತಮ್ಮನ ಕಡೆ ತಿರುಗಿತು. ಕ್ಯಾಂಪಿನ ಉಪಕರಣಗಳೆಲ್ಲ ಅವನ ಜವಾಬ್ದಾರಿ.

ಗಿಳಿ ಎಂದರೆ ಅಂಗೈಯಗಲದ ಹಸಿರು ಯಂತ್ರ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಕಿವಿ ತೂತಾಗುವಂತೆ ಕಿರುಚುತ್ತದೆ. ಬೇರೆ ಗ್ಯಾಸ್ ಬಾವಿಗಳಲ್ಲಿ ಅದನ್ನು ಎದೆಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳುತ್ತಾರಂತೆ. ನಮ್ಮದು ಹೀಲಿಯಂ ಬಾವಿ. ಹೀಲಿಯಂ ಹಗುರ, ಸೋರಿದರೆ ಮೇಲಕ್ಕೇ ಹೋಗಿ ಮಾಡಿನಡಿ ಸೇರುತ್ತದೆ. ಅದಕ್ಕೇ ಕಲ್ಲು ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು: ಇಳಿಯುವ ಮುಂಚೆ ಗಿಳಿಯನ್ನು ಮಾಡಿನ ಕೊಕ್ಕೆಗೆ ಏರಿಸಿ ಕಾಯಬೇಕು. ಸುಮ್ಮನಿದ್ದರೆ ಇಳಿಯಬಹುದು. ಕೂಗಿದರೆ ಹಗ್ಗ ಎಳೆದು ಮಾಡಿನ ಕಿಂಡಿ ತೆರೆಯಬೇಕು, ಗ್ಯಾಸು ತಾನಾಗಿ ಹಾರಿಹೋಗುತ್ತದೆ. ಈ ಪಾಠ ಕ್ಯಾಂಪಿನ ಮಕ್ಕಳಿಗೂ ಬಾಯಿಪಾಠ.

ಮೇಷ್ಟ್ರು ಭೂವಿಜ್ಞಾನಿ. ಸಿಕ್ಕಸಿಕ್ಕವರಿಗೆಲ್ಲ ಕಲ್ಲು ಹಿಡಿದು ಪಾಠ ಹೇಳುತ್ತಿದ್ದರಿಂದ ಆ ಹೆಸರು. ಬಲೂನಿನಿಂದ ಒಂದು ಗುಟುಕು ಹೀಲಿಯಂ ಎಳೆದುಕೊಂಡು, "ಅಕ್ಕಾ, ನನ್ನ ಅಂಗಿ ಒಣಗಿತಾ?" ಎಂದು ಇಲಿಮರಿಯ ದನಿಯಲ್ಲಿ ಕೇಳಿ ನಗಿಸುತ್ತಿದ್ದರು. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೂ ಇದೇ ಹೀಲಿಯಂ ಬೇಕಂತೆ. ಅದು ನೆಲದಡಿ ಸಿಕ್ಕಿತೆಂದೇ ಈ ಬೋಳು ಬಯಲಲ್ಲಿ ನಮ್ಮ ಮನೆಗಳೆದ್ದದ್ದು.

ತಮ್ಮನನ್ನು ಕೆಲಸದಿಂದ ನಿಲ್ಲಿಸಿದರು. ನಿರ್ಲಕ್ಷ್ಯದಿಂದ ಸಾವು, ವರದಿ ಬಂದ ಮೇಲೆ ಪೊಲೀಸರು ಕರೆದೊಯ್ಯುತ್ತಾರೆ ಎಂದರು ಮ್ಯಾನೇಜರ್. ಅವನು ಊಟ ಬಿಟ್ಟ. ಗೋಡೆ ನೋಡುತ್ತಾ ಕೂತಿರುತ್ತಿದ್ದ.

"ಅಕ್ಕಾ, ಹಿಂದಿನ ದಿನಾನೇ ನೋಡಿದ್ದೆ. ಸರಿಯಿತ್ತು. ನೀನಾದ್ರೂ ನಂಬ್ತೀಯಾ?"

"ನಂಬ್ತೀನಿ ಕಣೋ."

"ನಾನೇ ನಂಬ್ತಿಲ್ಲ," ಎಂದ.

ಆ ವಾರವೇ ನನಗೊಂದು ಕಾಗದ ಬಂತು. ಲಕೋಟೆಯ ಮೇಲೆ 'ಬಟ್ಟೆ ಒಗೆಯುವ ಅಕ್ಕನವರಿಗೆ' ಎಂದಷ್ಟೇ ಇತ್ತು. ಬರೆದವರು ಮೇಷ್ಟ್ರ ತಾಯಿ. ಕಂಪನಿಯವರು ಏನೂ ಹೇಳುತ್ತಿಲ್ಲ. ಮಗ ನಿಮ್ಮ ವಿಷಯ ಬರೆಯುತ್ತಿದ್ದ, ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಅವನು ಹೇಗೆ ಹೋದ? ಹೋಗುವಾಗ ನರಳಿದನಾ? — ಇಷ್ಟೇ. ಉತ್ತರಕ್ಕೆಂದು ಹಾಳೆ ತೆಗೆದೆ. 'ತಾಯಿಯವರಿಗೆ' ಎಂದು ಬರೆದು ಪೆನ್ನು ಕೆಳಗಿಟ್ಟೆ. ಅವರ ಮಗನನ್ನು ಕೊಂದವನೆಂದು ಜನ ಬೆರಳು ಮಾಡುತ್ತಿರುವವನ ಅಕ್ಕ ನಾನು. ಏನು ಬರೆಯಲಿ? ಹಾಳೆ ಸೋಪಿನ ಡಬ್ಬದಡಿ ಹಾಗೆಯೇ ಉಳಿಯಿತು.

ಸುರಕ್ಷತಾ ಇಲಾಖೆಯಿಂದ ತನಿಖೆಗೆ ಬಂದವರು ಹೆಂಗಸು. ಗಿಡ್ಡ ಆಳು, ತೆಳುವಾದ ದನಿ. ಅತಿಥಿಗೃಹದಲ್ಲಿ ಜಾಗವಿರಲಿಲ್ಲ, ಸಾವಿನ ಸುದ್ದಿ ಕೇಳಿ ಬಂಡವಾಳ ಹಾಕುವ ದೊಡ್ಡವರೆಲ್ಲ ಕಾರು ಕಟ್ಟಿಕೊಂಡು ಬಂದಿದ್ದರು. "ಮನುಷ್ಯನನ್ನೇ ಮುಗಿಸೋಷ್ಟು ಗ್ಯಾಸ್ ಇದೆ ಅಂದ್ರೆ ಸಣ್ಣ ಬಾವಿ ಅಲ್ಲ ಬಿಡಿ," ಎಂದು ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಮೇಡಂಗೆ ನನ್ನ ಒಗೆಯುವ ಮನೆಯ ಪಕ್ಕದ ಕೋಣೆ ಸಿಕ್ಕಿತು.

ಮೊದಲ ದಿನವೇ ಗಿಳಿಯನ್ನು ತರಿಸಿ, ಹೀಲಿಯಂ ತುಂಬಿದ ಚೀಲದೊಳಗೆ ತೂರಿಸಿದರು. ಗಿಳಿ ಕಿರುಚಿತು.

"ಯಂತ್ರ ಸರಿಯಿದೆಯಲ್ಲ?"

ಮ್ಯಾನೇಜರ್ ಭುಜ ಕುಣಿಸಿದರು. "ಈಗ ಸರಿಯಿದೆ. ಆವತ್ತು ಕೈಕೊಟ್ಟಿಲ್ಲ ಅಂತ ಯಾರು ಹೇಳ್ತಾರೆ ಮೇಡಂ?"

"ಮೇಷ್ಟ್ರಿಗೂ ನಿಮಗೂ ಜಗಳವಿತ್ತಂತೆ?"

"ಜಗಳ ಅಲ್ಲ, ಮಾತು. ಬಾವಿಯ ಒತ್ತಡ ಇಳೀತಿದೆ, ನಿಕ್ಷೇಪ ಚಿಕ್ಕದು, ಮುಚ್ಚಿಬಿಡೋದೇ ಸರಿ ಅಂತಿದ್ರು. ದಿನಾ ಬೆಳಿಗ್ಗೆ ಗುಂಡಿಗಿಳಿದು ಗೇಜು ನೋಡೋರು. ಇನ್ನೊಂದು ವಾರ ನೋಡಿ ವರದಿ ಕಳಿಸ್ತೀನಿ ಅಂದಿದ್ರು."

"ಇದು ಯಾರ್ಯಾರಿಗೆ ಗೊತ್ತಿತ್ತು?"

"ನನಗೆ. ಮೇಸ್ತ್ರಿಗೆ. ಬಾವಿ ಮುಚ್ಚಿದ್ರೆ ಜನರನ್ನ ಇಲ್ಲಿಂದ ಎಬ್ಬಿಸಿಕೊಂಡು ಹೋಗಬೇಕಾದೋರು ಅವರೇ ತಾನೆ?"

"ಆವತ್ತು ಬೆಳಿಗ್ಗೆ ನೀವೆಲ್ಲಿದ್ರಿ?"

"ಪಟ್ಟಣದ ಕಚೇರಿಯಲ್ಲಿ. ಅಲ್ಲಿದ್ದವರನ್ನೆಲ್ಲ ಕೇಳಿ ಬೇಕಾದ್ರೆ."

ಮೇಡಂ ಕೇಳಿದರು. ನಿಜವಾಗಿತ್ತು. ಆಮೇಲೆ ಕ್ಯಾಂಪಿನ ಒಂದೊಂದು ಶೆಡ್ಡನ್ನೂ ನೋಡುತ್ತಾ ಹೋದರು. ವೆಲ್ಡರನ ಶೆಡ್ಡಿಗೆ ಬೀಗವಿತ್ತು. ಹೆಂಡತಿಯ ಹೆರಿಗೆಗೆಂದು ಅವನು ರಜೆಯ ಮೇಲಿದ್ದ. ಕೀಲಿ ಭಾವನ ಹತ್ತಿರ. ಭಾವನೇ ಬಂದು ತೆರೆದುಕೊಟ್ಟರು.

"ಒಳ್ಳೇ ಹುಡುಗ ಮೇಡಂ ನನ್ನ ಭಾಮೈದ," ಎಂದರು. "ಎತ್ತಿ ಆಡಿಸಿದೀನಿ ಅವನನ್ನ. ಹೇಗಾದ್ರೂ ಉಳಿಸಿ."

ಸಂಜೆ ಮೇಡಂ ನನ್ನ ಬಳಿ ಬಂದು, ನಾನೊಬ್ಬಳೇ ದೊಡ್ಡ ಚಾದರ ಮಡಿಸಲು ಒದ್ದಾಡುತ್ತಿರುವುದನ್ನು ಕಂಡು ಇನ್ನೆರಡು ತುದಿ ಹಿಡಿದರು. ನಾನು ಮೇಷ್ಟ್ರ ತಾಯಿಯ ಕಾಗದದ, ಬರೆಯದೆ ಉಳಿದ ಹಾಳೆಯ ವಿಷಯ ಹೇಳಿದೆ.

"ಮೇಷ್ಟ್ರು ಒದ್ದಾಡಿರ್ತಾರಾ ಮೇಡಂ?"

"ಇಲ್ಲಮ್ಮಾ. ಆಮ್ಲಜನಕ ಇಲ್ಲದ ಗಾಳಿಯಲ್ಲಿ ಉಸಿರು ಕಟ್ಟಿದ ಹಾಗೆ ಅನ್ನಿಸೋದೇ ಇಲ್ಲ. ಎರಡು ಮೂರು ಉಸಿರು, ಎಚ್ಚರ ತಪ್ಪಿಹೋಗುತ್ತೆ. ಅದಕ್ಕೇ ಅಪಾಯ."

"ಹಾಗಾದ್ರೆ ನಮ್ಮ ಭಾವ ಹೇಗೆ ಇಳಿದು ಬಂದ್ರು!" ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. "ಎಲ್ಲರೂ ಕಲ್ಲಾಗಿ ನಿಂತಿದ್ರು. ಅವರೊಬ್ಬರೇ ಮೇಡಂ, ಬಂದವರೇ ಬ್ಲೋವರ್ ತರಿಸಿ, ಪೈಪನ್ನ ತಳಕ್ಕೆ ಬಿಡಿಸಿ—"

ಚಾದರ ಬಿಗಿಯಾಯಿತು. ಮೇಡಂ ಹೆಜ್ಜೆ ಇಡದೆ ನಿಂತಿದ್ದರು.

"ತಳಕ್ಕೆ?"

"ಹೂಂ. ಎರಡು ಸಲ ಹೇಳಿದ್ರು, ತಳಕ್ಕೆ ಅಂತ."

"ಮಾಡಿನ ಕಿಂಡಿ ತೆಗೆಸಲಿಲ್ವಾ?"

"ಇಲ್ಲ."

"ನೆನಪು ಮಾಡಿಕೊಳ್ಳಿ."

"ತೆಗೆದಿದ್ರೆ ಬೆಳಕು ಬರ್ತಿತ್ತಲ್ಲ. ಒಳಗೆ ಕತ್ತಲಿತ್ತು, ಟಾರ್ಚ್ ಹಾಕಿ ನೋಡಿದ್ವಿ."

ಮೇಡಂ ನಿಧಾನವಾಗಿ ಮುಂದೆ ಬಂದು ತಮ್ಮ ತುದಿಗಳನ್ನು ನನ್ನ ಕೈಗಿಟ್ಟರು. ಮುಖ ಕಳೆಗುಂದಿತ್ತು.

"ಅಮ್ಮಾ, ನೀವು ಈಗ ನಿಮ್ಮ ತಮ್ಮನನ್ನ ಉಳಿಸಿಬಿಟ್ರಿ," ಎಂದು ಒಳಗೆ ಹೋದರು. ಹಾಗೆ ಹೇಳಿದವರ ದನಿಯಲ್ಲಿ ಸಂತೋಷ ಯಾಕಿರಲಿಲ್ಲ ಎಂದು ನನಗೆ ತಿಳಿಯಲಿಲ್ಲ.

ಮರುದಿನ ಎಲ್ಲರನ್ನೂ ಶೆಡ್ಡಿನ ಹತ್ತಿರ ಕರೆಸಿದರು. ಪೊಲೀಸರೂ ಇದ್ದರು. ಎರಡು ಗಿಳಿಗಳು: ಒಂದು ಮಾಡಿನ ಕೊಕ್ಕೆಯಲ್ಲಿ, ಇನ್ನೊಂದು ದಾರ ಕಟ್ಟಿ ಗುಂಡಿಯ ತಳದಲ್ಲಿ. ಪಕ್ಕದಲ್ಲಿ ವೆಲ್ಡರನ ಶೆಡ್ಡಿನಿಂದ ತಂದ ಎರಡು ಸಿಲಿಂಡರು.

"ಇದು ಆರ್ಗಾನ್," ಎಂದರು ಮೇಡಂ. "ವೆಲ್ಡಿಂಗ್‌ಗೆ ಬಳಸೋದು. ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಗಾಳಿಗಿಂತ ಭಾರ. ನೋಡಿ."

ಕೊಳವೆಯನ್ನು ಗುಂಡಿಗೆ ಬಿಟ್ಟು ಒಂದು ಸಿಲಿಂಡರನ್ನು ತಿರುಗಿಸಿದರು. ಸುಯ್ ಎಂಬ ಸದ್ದು. ಸ್ವಲ್ಪ ಹೊತ್ತಿಗೆ ತಳದ ಗಿಳಿ ಕಿರುಚತೊಡಗಿತು. ಕೆಂಪು ದೀಪ ಗುಂಡಿಯ ಗೋಡೆಗಳ ಮೇಲೆ ಹೊಡೆದುಕೊಂಡಿತು. ಮೇಲಿನ ಗಿಳಿ? ಅದೇ ಹಸಿರು. ಸುಮ್ಮನಿತ್ತು.

"ಬಾವಿಯ ಗ್ಯಾಸು ಕೊಂದಿದ್ದರೆ ಮೊದಲು ಮೇಲಿನ ಗಿಳಿ ಕೂಗಬೇಕಿತ್ತು. ಗಿಳಿ ಕೆಟ್ಟಿರಲಿಲ್ಲ. ನಿಜವನ್ನೇ ಹೇಳಿತ್ತು— ಮೇಲೇನೂ ಇಲ್ಲ ಅಂತ. ಯಾರೋ ಬೆಳಗಾಗೋದರೊಳಗೆ ಗುಂಡಿಗೆ ಆರ್ಗಾನ್ ತುಂಬಿದ್ದರು. ಮೇಷ್ಟ್ರು ತಮ್ಮದೇ ಪದ್ಧತಿ ನಂಬಿ ಇಳಿದರು. ಈ ಇನ್ನೊಂದು ಸಿಲಿಂಡರ್ ಪೂರ್ತಿ ಖಾಲಿ. ವೆಲ್ಡರ್ ರಜೆಗೆ ಹೋಗುವಾಗ ಎರಡೂ ತುಂಬಿದ್ದವು; ಫೋನಿನಲ್ಲಿ ವಿಚಾರಿಸಿದ್ದೇನೆ."

"ಯಾರು ಮೇಡಂ?" ಮ್ಯಾನೇಜರ್ ಕೇಳಿದರು.

ಮೇಡಂ ಭಾವನ ಕಡೆ ತಿರುಗಿದರು. "ಮೇಸ್ತ್ರಿಗಳೇ, ಆವತ್ತು ಮಾಡಿನ ಕಿಂಡಿ ಯಾಕೆ ತೆಗೆಸಲಿಲ್ಲ?"

"ಗಾಬರಿ ಮೇಡಂ. ಮರೆತುಹೋಯ್ತು."

"ಗಾಬರಿಯಲ್ಲಿ ಕೈ ರೂಢಿಯಾದದ್ದನ್ನೇ ಮಾಡುತ್ತೆ. ಇಲ್ಲಿ ಎಲ್ಲರಿಗೂ ರೂಢಿ ಹಗ್ಗ ಎಳೆಯೋದು. ನೀವು ಹಗ್ಗ ಮುಟ್ಟಲಿಲ್ಲ. ಪೈಪನ್ನ ತಳಕ್ಕೆ ಬಿಡಿಸಿದಿರಿ, ಎರಡು ಸಲ ಹೇಳಿ. ಹೀಲಿಯಂ ಅಂತ ತಿಳಿದವನು ಮೇಲೆ ನೋಡ್ತಿದ್ದ. ಕೊಲ್ಲೋದು ತಳದಲ್ಲಿದೆ ಅಂತ ಆ ಗುಂಪಿನಲ್ಲಿ ಒಬ್ಬರಿಗೇ ಗೊತ್ತಿತ್ತು. ಇಳಿದು ಜೀವಂತ ಮೇಲೆ ಬಂದದ್ದೂ ಅದರಿಂದಲೇ."

ತಳದ ಗಿಳಿ ಒಂದೇ ಸಮ ಕೂಗುತ್ತಿತ್ತು. ಭಾವ ಅದನ್ನೇ ಕೇಳುತ್ತಾ ನಿಂತರು. ಆಮೇಲೆ ಹೇಳಿದರು:

"ಅದನ್ನ ನಿಲ್ಲಿಸಿ ಮೇಡಂ. ಹೌದು, ನಾನೇ."

ನನ್ನ ತಮ್ಮ ಗೋಡೆಗೆ ಒರಗಿದ. ಭಾವ ಮುಂದುವರಿಸಿದರು.

"ಮೂರು ಬಯಲು ಸುತ್ತಿಸಿದೀನಿ ಈ ಜನರನ್ನ. ಪ್ರತಿಸಲ ಬಾವಿ ಒಣಗಿತು, ಗಂಟುಮೂಟೆ ಕಟ್ಟಿಸಿದೆ. ಈ ಸಲ ಇಲ್ಲೇ ಇರ್ತೀವಿ ಅಂತ ಮಾತು ಕೊಟ್ಟಿದ್ದೆ. ಮೇಷ್ಟ್ರಿಗೆ ಕೈಮುಗಿದೆ— ವರದಿ ಕಳಿಸಬೇಡಿ ಅಂದೆ. ನೆಲ ಸುಳ್ಳು ಹೇಳಲ್ಲ ಮೇಸ್ತ್ರಿ, ನಾನೂ ಹೇಳಲ್ಲ ಅಂದ್ರು. ಅವರು ಹೋದ್ರೆ ವರದಿ ನಿಲ್ಲುತ್ತೆ. ಗ್ಯಾಸ್ ಉಕ್ಕಿ ಹೋದ್ರು ಅಂದ್ರೆ ಬಾವಿಗೂ ಬೆಲೆ ಬರುತ್ತೆ ಅಂತ..."

"ಇವನು?" ಮೇಡಂ ತಮ್ಮನನ್ನು ತೋರಿಸಿದರು. "ನೀವೇ ಎತ್ತಿ ಆಡಿಸಿದ ಹುಡುಗ ಜೈಲಿಗೆ ಹೋಗೋದನ್ನ ನೋಡ್ತಾ ಸುಮ್ಮನಿದ್ರಲ್ಲ?"

"ಎಲ್ಲರೂ ಗ್ಯಾಸ್ ಉಕ್ಕಿತು ಅಂತ ಮಾತ್ರ ಅಂತಾರೆ ಅಂದ್ಕೊಂಡಿದ್ದೆ. ಗಿಳಿಯ ಕಡೆ ಯಾರಾದ್ರೂ ನೋಡ್ತಾರೆ ಅಂತ ಹೊಳೀಲಿಲ್ಲ."

ಪೊಲೀಸರು ಕೈ ಹಿಡಿದರು. ನನ್ನ ಮುಂದೆ ಹಾಯುವಾಗ ಒಂದು ಗಳಿಗೆ ನಿಂತರು. ನನಗೆ ಅವರಿಟ್ಟ ಹೆಸರೊಂದಿತ್ತು, ಅಕ್ಕ ಇದ್ದಾಗಿನಿಂದ.

"ಸೋಪಿನಮ್ಮಾ, ಪೈಪಿನ ಮಾತು ಇವರಿಗೆ ನೀನು ಹೇಳಿದ್ದಾ?"

"ಹೊಗಳೋಕೆ ಹೇಳಿದ್ದು ಭಾವ."

"ಗೊತ್ತು ಬಿಡು," ಎಂದರು. "ತಮ್ಮನನ್ನ ನೋಡ್ಕೋ."

ಬಂಡವಾಳದ ಕಾರುಗಳು ಮಧ್ಯಾಹ್ನದೊಳಗೆ ಹೋದವು. ಮೇಷ್ಟ್ರು ಹೇಳಿದ್ದೇ ಸರಿಯಾಗಿತ್ತು. ಮುಂದಿನ ವಾರ ಬಾವಿಗೆ ಸಿಮೆಂಟು ಸುರಿದರು. ಕ್ಯಾಂಪಿನಲ್ಲಿ ಮತ್ತೆ ಗಂಟುಮೂಟೆ. ನನ್ನ ಕೈಗೆ ಬಟ್ಟೆ ಕೊಡಲು ಬರುತ್ತಿದ್ದ ಹೆಂಗಸೊಬ್ಬಳು ದೂರದಿಂದಲೇ ಅಂದಳು, "ನಿನ್ನ ನಾಲಿಗೆ ಸುಮ್ಮನಿದ್ದಿದ್ರೆ ನಮ್ಮ ಒಲೆ ಉರೀತಿತ್ತು."

ನನ್ನ ತಮ್ಮ ಮತ್ತೆ ಊಟಕ್ಕೆ ಕೂತ. ಎರಡು ತುತ್ತು ತಿಂದು ಕೇಳಿದ:

"ಅಕ್ಕಾ, ಭಾವನೇ ಅಂತ ಗೊತ್ತಿದ್ರೆ ಹೇಳ್ತಿದ್ಯಾ?"

"ಅನ್ನ ತಣ್ಣಗಾಗುತ್ತೆ, ತಿನ್ನು."

ಸೋಪಿನ ಡಬ್ಬ ಸರಿಸಿ ಹಾಳೆ ತೆಗೆದೆ. ಅಂಚು ನೆನೆದು ಒಣಗಿ ಸುರುಟಿತ್ತು. 'ತಾಯಿಯವರಿಗೆ' ಎಂಬುದರ ಕೆಳಗೆ ಬರೆದೆ: ನಿಮ್ಮ ಮಗ ನರಳಲಿಲ್ಲ. ತಿಳಿದವರು ಹೇಳಿದ್ದಾರೆ, ಎರಡು ಮೂರು ಉಸಿರು, ಅಷ್ಟೇ. ಮೇಷ್ಟ್ರು ಸುಳ್ಳು ಹೇಳಲು ಒಪ್ಪಲಿಲ್ಲ, ಅದಕ್ಕೆ ಹೋದರು. ಅವರನ್ನು ಕೊಂದವರು ನನ್ನ ಭಾವ. ನಿಮ್ಮ ಮಗನ ಅಂಗಿಯೊಂದು ನನ್ನಲ್ಲಿದೆ. ಕಳಿಸಲೇ, ಬೇಡವೇ, ತಿಳಿಸಿ.

ಕ್ಯಾಂಪಿಗೆ ಟಪಾಲು ವ್ಯಾನು ಬರುವುದು ಅದೇ ಕೊನೆ. ಡ್ರೈವರ್ ಎಂಜಿನ್ ನಿಲ್ಲಿಸದೆ ಹಾರ್ನ್ ಹೊಡೆದ. ಲಕೋಟೆಯ ಬಾಯಿ ಅಂಟಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಿಟಕಿಯಲ್ಲಿ ಚಾಚಿದೆ.

"ಇಷ್ಟೇನಾ ಅಕ್ಕಾ?"

"ಇಷ್ಟೇ," ಎಂದೆ. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು ಗೇರು ಬದಲಿಸಿದ.