ಹಿಂದಿ ಮಾತಾಡಿದ ಕನ್ನಡ ಸಿನಿಮಾ

ಶ್ರೀಶನಿಗೆ ಎಲ್ಲ ಸಿನಿಮಾಗಳೂ ಚೆನ್ನಾಗಿರುತ್ತಿದ್ದವು. ಚಾರುಲತಾಳ ಮೈ ಉರಿಯುತ್ತಿದ್ದುದೇ ಅದಕ್ಕೆ.

ನಾಗಪುರಕ್ಕೆ ಕನ್ನಡ ಸಿನಿಮಾ ಬರುವುದೇ ಅಪರೂಪ. ಬಂದರೂ ಭಾನುವಾರ ಬೆಳಿಗ್ಗೆ ಒಂದೇ ಆಟ, ಅದೂ ಸಾಕಷ್ಟು ಜನ ಸೇರಿಸುತ್ತೇವೆಂದು ಕನ್ನಡ ಸಂಘದವರು ಥಿಯೇಟರಿನವರಿಗೆ ಮಾತು ಕೊಟ್ಟರೆ. ಸಂಘದ ಸೀತಾಲಕ್ಷ್ಮಿ ವಾರದ ನಡುವೆಯೇ ಫೋನು ಹಿಡಿದು ಕೂರುತ್ತಿದ್ದರು. ಬ್ಯಾಂಕಿನವರು, ಕಾಮಠಿಯ ಮಿಲಿಟರಿ ಮನೆಗಳವರು, ಕಾಲೇಜು ಮೇಷ್ಟ್ರುಗಳು, ಯಾರನ್ನೂ ಬಿಡುತ್ತಿರಲಿಲ್ಲ. ಬರುತ್ತೇವೆಂದವರಲ್ಲಿ ಅರ್ಧ ಜನ ಕೊನೆಗಳಿಗೆಯಲ್ಲಿ ಕೈಕೊಡುತ್ತಿದ್ದರು. ಎಂದೂ ಕೈಕೊಡದವರು ಇಬ್ಬರೇ. ಒಬ್ಬಳು ಧಾರವಾಡದಿಂದ ಬಂದು ಇಲ್ಲಿಯ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದ ಚಾರುಲತಾ. ಇನ್ನೊಬ್ಬ, ವಾಯುಸೇನೆಯಿಂದ ನಿವೃತ್ತನಾಗಿ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದ ಮೈಸೂರಿನ ಶ್ರೀಶ. ಅವಳಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವನ ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು.

ಆಟ ಬಿಟ್ಟ ಮೇಲೆ ಇಬ್ಬರೂ ಎದುರು ರಸ್ತೆಯ ಗಾಡಿಯಲ್ಲಿ ತರ್ರಿ ಪೋಹಾ ತಿನ್ನುವುದು ಅದು ಹೇಗೋ ರೂಢಿಯಾಗಿತ್ತು. ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಬೀಳುತ್ತಿದ್ದಂತೆ ಚಾರುಲತಾಳ ವಿಮರ್ಶೆ ಶುರುವಾಗುತ್ತಿತ್ತು.

ಒಂದು ಸಿನಿಮಾದಲ್ಲಿ ನಾಯಕನ ಮೊದಲು ಬೂಟು ಬಂತು, ಆಮೇಲೆ ವಾಚು, ಆಮೇಲೆ ಗಡ್ಡ, ಗಡ್ಡದ ಸುತ್ತ ಹೊಗೆ. ಮುಖ ಬರುವಷ್ಟರಲ್ಲಿ ಅವನು ಯಾರಾದರೆ ನನಗೇನು ಅನ್ನಿಸಿತ್ತು ಅವಳಿಗೆ. ಇನ್ನೊಂದರಲ್ಲಿ ನಾಯಕಿ ಹೃದಯದ ಡಾಕ್ಟರು. ಇಡೀ ಸಿನಿಮಾದಲ್ಲಿ ಅವಳು ಸ್ಟೆತಸ್ಕೋಪ್ ಇಟ್ಟದ್ದು ನಾಯಕನ ಎದೆಯ ಮೇಲೆ, ಅದೂ ಹಾಡಿನಲ್ಲಿ. ಉಳಿದ ಪೇಷಂಟುಗಳು ಬದುಕಿದರೋ ಸತ್ತರೋ ದೇವರೇ ಬಲ್ಲ. ಮತ್ತೊಂದಂತೂ ಮೂರು ಗಂಟೆ ಕೂರಿಸಿ, ವಿಲನ್ನಿನ ಕುತ್ತಿಗೆಗೆ ಕತ್ತಿ ಇಟ್ಟ ಹೊತ್ತಿಗೆ, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಲೈಟು ಹಾಕಿಬಿಟ್ಟಿತ್ತು.

"ಅರ್ಧಾ ಊಟಕ್ಕ ಎಬ್ಬಿಸಿ, ಸಾರು-ಅನ್ನ ಮುಂದಿನ ವರ್ಷ ಬಡಸ್ತೀವಿ ಅಂದ್ರ ಹೆಂಗ್ರಿ?" ಎಂದು ಅವಳು ಅಂದು ಚಮಚ ಆಡಿಸುತ್ತ ಕೇಳಿದ್ದಳು.

ಶ್ರೀಶ ತಲೆಯನ್ನು ಸ್ವಲ್ಪ ಓರೆಮಾಡಿ ಕೇಳುತ್ತಿದ್ದ. ಅವನ ನೋಟ ಅವಳ ತುಟಿಗಳ ಮೇಲೇ ನಿಂತಿರುತ್ತಿತ್ತು. ಮೊದಮೊದಲು ಅವಳು ಅವಲಕ್ಕಿಯ ಅಗುಳು ಅಂಟಿರಬೇಕೆಂದು ದುಪಟ್ಟಾದಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಒರೆಸಿಕೊಳ್ಳುವುದನ್ನು ಬಿಟ್ಟಳು. ಭಾನುವಾರಕ್ಕೆಂದು ತಿಳಿಬಣ್ಣದ ಲಿಪ್‌ಸ್ಟಿಕ್ ಒಂದನ್ನು ತಂದಿಟ್ಟುಕೊಂಡದ್ದು ಅವಳಿಗೂ ಕನ್ನಡಿಗೂ ಮಾತ್ರ ಗೊತ್ತಿತ್ತು.

ನಿಮಗೆ ಹೇಗನ್ನಿಸಿತು ಎಂದು ಕೇಳಿದರೆ ಮಾತ್ರ ಒಂದೇ ಉತ್ತರ. "ಚೆನ್ನಾಗಿತ್ತು."

ಅಭಿಪ್ರಾಯಗಳಿಂದ ಚಾರುಲತಾಳಿಗೆ ಲಾಭವಾದದ್ದು ಕಡಿಮೆ. ನೋಡಲು ಬಂದ ಗಂಡಿನ ಮನೆಯವರು ಹುಡುಗಿ ಭಾಳ ಮಾತಾಡ್ತಾಳೆ ಎಂದು ಹೇಳಿಕಳಿಸುತ್ತಿದ್ದ ಕಾಲವೊಂದಿತ್ತು. ಅಂದಿನಿಂದ ಅವಳು ಮಾತನ್ನು ಅಳೆದು ಆಡಲು ಕಲಿತಿದ್ದಳು, ಬ್ಯಾಂಕಿನಲ್ಲಿ, ಅಣ್ಣನ ಮನೆಯಲ್ಲಿ, ಮದುವೆ ಮುಂಜಿಗಳಲ್ಲಿ. ಆ ಪೋಹಾ ಗಾಡಿಯ ಮುಂದೆ ಮಾತ್ರ ಅಳತೆ ತಪ್ಪುತ್ತಿತ್ತು. ತಪ್ಪಿದರೂ ಎದುರಿನವನು ಗಡಿಯಾರ ನೋಡುತ್ತಿರಲಿಲ್ಲ.

ಕಳೆದ ಸಲ ಅವಳು ಸಿನಿಮಾದ ಮಾತನ್ನು ಬದಿಗಿಟ್ಟು, ತನಗೆ ಪ್ರಮೋಷನ್ ಬಂದಿದೆ, ರಾಯಪುರಕ್ಕೆ ಹೋಗಬೇಕು, ಬೇಡವಾದರೆ ಇಲ್ಲೇ ಇರಬಹುದು, ಮುಂದಿನ ಸೋಮವಾರ ಹೌದು ಅಥವಾ ಅಲ್ಲ ಎಂದು ತಿಳಿಸಬೇಕು ಎಂದಿದ್ದಳು. ಹೇಳಿ, ಅವನ ಮುಖವನ್ನು ನೋಡಿದ್ದಳು. ಹೃದಯದ ಡಾಕ್ಟರು ಕೂಡ ಅಷ್ಟು ಗಮನವಿಟ್ಟು ಯಾರನ್ನೂ ನೋಡಿರಲಿಕ್ಕಿಲ್ಲ.

ಶ್ರೀಶ ಪ್ಲೇಟಿನ ಅಂಚಿನಲ್ಲಿದ್ದ ಹಸಿಮೆಣಸಿನಕಾಯಿಯನ್ನು ಅತ್ತಿತ್ತ ಸರಿಸಿದ. "ಚೆನ್ನಾಗಿದೆ. ಒಳ್ಳೇದೇ ಆಯ್ತಲ್ಲ."

ತರ್ರಿಯ ಪಾತ್ರೆಯನ್ನೇ ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತ್ತು ಅವಳಿಗೆ. ಮನೆಗೆ ಬಂದು ಲಿಪ್‌ಸ್ಟಿಕ್ಕನ್ನು ಡ್ರಾಯರಿನ ಹಿಂಬದಿಗೆ ಎಸೆದಳು.

ಈ ಭಾನುವಾರ ಬರಬಾರದೆಂದೇ ಇದ್ದಳು. ನಾಳೆ ಸೋಮವಾರ. ಆದರೂ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡಳು, ತನ್ನನ್ನೇ ಬೈದುಕೊಳ್ಳುತ್ತ ಡ್ರಾಯರಿನಲ್ಲಿ ಕೈಯಾಡಿಸಿದಳು.

ಸಿನಿಮಾ ಶುರುವಾಯಿತು. ನಾಯಕ ತಾಯಿಯ ಕಾಲಿಗೆ ಬಿದ್ದು ಬಾಯಿ ತೆರೆದ. ಒಳಗಿಂದ ಹಿಂದಿ ಹೊರಬಿತ್ತು.

ಹಾಲಿನಲ್ಲಿ ಗುಜುಗುಜು ಎದ್ದಿತು. ಈ ಸಲ ಟಿಕೆಟ್ ಮಾಡಿದ್ದು ಸೀತಾಲಕ್ಷ್ಮಿಯವರ ಕಾಲೇಜು ಓದುವ ಮಗಳು ಖುಷಿ. ನಾಗಪುರದಲ್ಲೇ ಹುಟ್ಟಿ ಬೆಳೆದವಳು. ಫೋನಿನಲ್ಲಿ ಸಿನಿಮಾದ ಚಿತ್ರ ನೋಡಿ ಒತ್ತಿಬಿಟ್ಟಿದ್ದಳು. ಹಿಂದಿಗೆ ಡಬ್ ಆದ ಆಟಕ್ಕೆ ಇಡೀ ಕನ್ನಡ ಸಂಘ ಬಂದು ಕೂತಿತ್ತು. "ಪಿಕ್ಚರ್ ತೋ ವಹೀ ಹೈ ನಾ, ಮಮ್ಮೀ," ಅದೇ ಸಿನಿಮಾ ತಾನೇ ಎಂದು ಅವಳು ಕತ್ತಲಲ್ಲಿ ಸಮಜಾಯಿಷಿ ಹೇಳುವುದು ನಾಲ್ಕು ಸಾಲಿನಾಚೆಗೂ ಕೇಳಿಸಿತು. ಕನ್ನಡ ಕೇಳಲೆಂದೇ ಊರಾಚೆಯ ಕನ್ಹಾನ್‌ನಿಂದ ಬಂದಿದ್ದ ಹಿರಿಯರೊಬ್ಬರು ಮೊದಲು ಎದ್ದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೊರಗಿನ ಕ್ಯಾಂಟೀನ್ ಸೇರಿದರು.

ಶ್ರೀಶ ಏಳಲಿಲ್ಲ. ಎದ್ದವರಿಗೆ ಕಾಲು ಮಡಿಚಿ ದಾರಿ ಬಿಟ್ಟು, ಮತ್ತೆ ಪರದೆಯ ಕಡೆ ತಿರುಗಿದ. ಅವನು ಏಳದಿದ್ದುದಕ್ಕೆ ಚಾರುಲತಾಳೂ ಏಳಲಿಲ್ಲ. ತುಟಿಗಳು ಒಂದು ಹೇಳಿದರೆ ಧ್ವನಿ ಇನ್ನೊಂದು ಹೇಳುತ್ತಿತ್ತು. ಬೆಂಗಳೂರಿನ ಪೊಲೀಸಿನವನು ಲಖನೌದವನಂತೆ ಗದರಿಸುತ್ತಿದ್ದ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಇಂಟರ್‌ವಲ್ಲಿನಲ್ಲಿ ಇಬ್ಬರೂ ಹೊರಬಂದು ಗಾಡಿಯ ಪಕ್ಕದ ಸ್ಟೂಲುಗಳ ಮೇಲೆ ಕೂತರು. ಸಿಟ್ಟಿಗೆ ಅವಳ ಬಾಯಿಂದ ವಿಮರ್ಶೆ ಹೊರಡಲಿಲ್ಲ. ಹೆಂಗೈತಿ ಎಂದಷ್ಟೇ ಕೇಳಿದಳು.

"ಚೆನ್ನಾಗಿದೆ," ಎಂದ ಶ್ರೀಶ. ಅವಳು ಸುಮ್ಮನಿದ್ದುದು ಅವನಿಗೆ ಒಗ್ಗಲಿಲ್ಲವೇನೋ, ಎಂದಿಗಿಂತ ಒಂದು ಮಾತು ಹೆಚ್ಚು ಆಡಿದ. "ಇವತ್ತು ಕನ್ನಡನೂ ಸಹಜವಾಗಿದೆ, ಅಲ್ವಾ? ಮನೇಲಿ ಮಾತಾಡಿದ ಹಾಗೆ."

ಚಾರುಲತಾ ಪ್ಲೇಟನ್ನು ಕೆಳಗಿಟ್ಟಳು. "ಶ್ರೀಶ ಅವರ, ಒಳಗ ಯಾವ ಭಾಷಾದಾಗ ಸಿನಿಮಾ ನಡದೈತಿ?"

ಅವನ ಮುಖ ಕೆಂಪಾಯಿತು. ಕಿವಿಯ ತುದಿಯವರೆಗೂ ಏರಿದ ಆ ಕೆಂಪನ್ನು ಹಿಂಬಾಲಿಸಿದ ಅವಳ ಕಣ್ಣು ಕಿವಿಯೊಳಗೇ ನಿಂತಿತು. ಅಲ್ಲಿ ಕಿತ್ತಳೆ ಬಣ್ಣದ, ಬೆರಳ ತುದಿಯಷ್ಟು ಸ್ಪಂಜಿನ ತುಂಡೊಂದು ಹುದುಗಿತ್ತು. ಎಂಜಿನ್ನಿನ ಸದ್ದು ತಡೆಯಲು ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಹಾಕಿಕೊಳ್ಳುವಂಥದ್ದು. ಅವನು ಎರಡೂ ಕಿವಿಯಿಂದ ಅವನ್ನು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ.

ಎಂಜಿನ್‌ಗಳ ಪಕ್ಕ ನಿಂತು ನಿಂತು ಕಿವಿ ಹಾಳಾಗಿದೆ, ಥಿಯೇಟರಿನ ಸದ್ದು ಬಿದ್ದರೆ ಮೂರು ದಿನ ಒಳಗೆ ಸೀಟಿ ಊದಿದ ಹಾಗಾಗುತ್ತದೆ, ಅದಕ್ಕೇ ದೀಪ ಆರಿದ ಕೂಡಲೇ ಹಾಕಿಕೊಂಡು ಆಟ ಬಿಟ್ಟ ಮೇಲೆ ತೆಗೆಯುತ್ತೇನೆ, ರಸ್ತೆಯ ಗದ್ದಲದಲ್ಲಿ ನಿಮ್ಮ ಮಾತೂ ತುಟಿ ನೋಡಿದರಷ್ಟೇ ಸರಿಯಾಗಿ ತಿಳಿಯುತ್ತದೆ ಎಂದು ಅವನು ತಡೆತಡೆದು ಹೇಳಿದ. ಅಷ್ಟು ದಿನ ತುಟಿ ನೋಡಿದ್ದು ಬರೀ ಇದಕ್ಕಾ ಎಂದುಕೊಂಡಳು ಅವಳು. ಸಿಟ್ಟು ಇಮ್ಮಡಿಯಾಯಿತು.

"ಅಂದ್ರ ಇಷ್ಟು ದಿವ್ಸ ಒಂದ ಸಿನಿಮಾನೂ ಕೇಳಿಲ್ಲ ನೀವು?"

"ಕಥೆ ತಿಳಿಯೋಕೆ ಕಿವಿ ಬೇಕಾಗಿರ್ಲಿಲ್ಲ."

ಈ ಮಾತನ್ನು ಅಲ್ಲಗಳೆಯಲು ಅವಳಿಗಾಗಲಿಲ್ಲ. ಅದು ಇನ್ನಷ್ಟು ಕೆರಳಿಸಿತು. ಹಾಗಾದರೆ ಬರುವುದಾದರೂ ಏಕೆ, ಮನೆಯಲ್ಲಿ ಮಲಗಬಾರದೇ ಎಂದು ಕೇಳಿದಳು.

"ಆಮೇಲೆ ನೀವು ಹೇಳ್ತೀರಲ್ಲ, ಅದಕ್ಕೆ," ಎಂದ ಶ್ರೀಶ. "ಮನೇಲಿ ಯಾರೂ ಮಾತಾಡೋರಿಲ್ಲ. ವಾರವೆಲ್ಲ ಎಂಜಿನ್. ನೀವು ಬೈಯೋದನ್ನ ಕೇಳ್ತಾ ಇದ್ರೆ ಮುಂದಿನ ಸಿನಿಮಾದವರೆಗೂ ಅದೇ ಕಿವೀಲಿರುತ್ತೆ. ನಾನು ಚೆನ್ನಾಗಿತ್ತು ಅನ್ನೋದು ಅದನ್ನೇ."

ಗಾಡಿಯವನು ಇನ್ನಷ್ಟು ತರ್ರಿ ಹಾಕಲೇ ಎಂದು ಮರಾಠಿಯಲ್ಲಿ ಕೇಳಿದ. ಚಾರುಲತಾ ಬೇಡವೆಂದು ಕೈಯಾಡಿಸಿದಳು.

ಯಾವ ಗಂಡಿನ ಮನೆಯವರೂ ಹೇಳದ ಮಾತು ಇದು. ಸಂತೋಷವಾದರೂ ಚಾರುಲತಾ ಅದನ್ನು ತೋರಿಸಲಿಲ್ಲ. ಹೇಳಬೇಕಾದ್ದು ಇನ್ನೂ ಉಳಿದಿತ್ತು. "ಮತ್ತ ನಾ ರಾಯಪುರಕ್ಕ ಹೋಗ್ತೀನಿ ಅಂದಾಗೂ ಒಳ್ಳೇದ ಆತು ಅಂದ್ರೆಲ್ಲ? ಆವಾಗ ಕಿವಿಯೊಳಗ ಏನೂ ಇರ್ಲಿಲ್ಲ."

ಶ್ರೀಶ ಅಂಗೈಯಲ್ಲಿದ್ದ ಸ್ಪಂಜಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡ. "ನಾನು ಬೇಡ ಅಂದು ನಿಮ್ಮ ಪ್ರಮೋಷನ್ ನಿಂತುಹೋದ್ರೆ?"

"ನೀವು ಕೈ ಮಾಡಿದಲ್ಲಿ ನಿಲ್ಲಾಕ ನಾನೇನ್ ಆಟೋ ಏನ್ರೀ?" ಎಂದಳು ಅವಳು. "ನಾ ಹೋಗಾಕಿನ. ನಾಳೆ ಹೌದು ಅಂತ ಬರದು ಕೊಡಾಕಿನ. ನಾ ಪರವಾನಗಿ ಕೇಳಿದ್ದಿಲ್ಲ. ನಾ ಹೋದ್ರ ನಿಮಗೇನರ ಆಗ್ತೈತೋ ಇಲ್ಲೋ, ಅಷ್ಟ ಕೇಳಿದ್ದೆ."

"ಆಗುತ್ತೆ."

"ಏನಾಗ್ತೈತಿ?"

ಅವನು ಈ ಸಲ ತುಟಿಗಳನ್ನು ಬಿಟ್ಟು ನೇರ ಅವಳ ಕಣ್ಣಿಗೆ ಕಣ್ಣಿಟ್ಟ. ರೆಪ್ಪೆಯಂಚಿನಲ್ಲಿ ನಾಚಿಕೆ ಇತ್ತು, ಆದರೆ ನೋಟ ಸರಿಯಲಿಲ್ಲ. "ರಾಯಪುರದ ಟ್ರೈನುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೀನಿ," ಎಂದ. "ಬೆಳಿಗ್ಗೆ ಹತ್ತಿದ್ರೆ ಮಧ್ಯಾಹ್ನ ಊಟಕ್ಕೆ ಅಲ್ಲಿರಬಹುದು. ಬರಬಹುದಾ ಅಂತ ಹೇಗೆ ಕೇಳೋದು, ಯಾರಾಗಿ ಬರೋದು ಅನ್ನೋದೇ ಗೊತ್ತಾಗ್ಲಿಲ್ಲ."

"ಯಾರಾಗಿ ಬರೋದಂತ," ಎಂದಳು ಚಾರುಲತಾ. ಈ ಮನುಷ್ಯನ ಜೊತೆ ಇನ್ನು ಹೇಗೆ ಏಗುವುದೋ ಎಂಬ ದಣಿವು ಆ ಮಾತಿನಲ್ಲಿತ್ತು. ಏಗುವುದೆಂದು ನಿಶ್ಚಯಿಸಿದ ನೆಮ್ಮದಿಯೂ ಇತ್ತು. "ಗಂಡ ಆಗಿ ಬರ್ರಿ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸೀತಾಲಕ್ಷ್ಮಿ. ಹುಡುಗಿಯ ತಪ್ಪಿಗೆ ನೀವಿಬ್ಬರೂ ಬೇಜಾರಾಗಿ ಹೊರಟುಹೋದಿರಾ ಎಂದು ಕೇಳುತ್ತಿದ್ದರು. ಚಾರುಲತಾ ಏನೋ ಹೇಳಹೊರಟಳು. ಶ್ರೀಶ ಕೈನೀಡಿ ಫೋನು ತೆಗೆದುಕೊಂಡ.

"ಸೀತಕ್ಕಾ, ನಾನು ಶ್ರೀಶ. ಬೇಜಾರೇನಿಲ್ಲ. ಚಾರುನೂ ನಾನೂ ಮದುವೆ ಆಗ್ತಿದ್ದೀವಿ. ಸಂಘದಲ್ಲಿ ಎಲ್ಲರಿಗೂ ನೀವೇ ಹೇಳಿಬಿಡಿ."

ಆ ಕಡೆಯಿಂದ ಮಾತು ಧೋ ಎಂದು ಸುರಿಯತೊಡಗಿತು. ಅವನಿಗೆ ಅದೊಂದೂ ತಿಳಿಯದೆ, ಸೋತವನಂತೆ ಫೋನನ್ನು ಹಿಂದಕ್ಕೆ ಕೊಟ್ಟ. ಚಾರುಲತಾ ಕೇಳಿಸಿಕೊಂಡು, ಫೋನಿನ ಬಾಯಿಗೆ ಅಂಗೈ ಮುಚ್ಚಿದಳು.

"ಯಾವಾಗಿಂದ ಇದು ಅಂತ ಕೇಳಾಕತ್ತಾರ. ನನಗ ಗೊತ್ತಿಲ್ಲ. ನೀವ ಹೇಳ್ರಿ."

ಶ್ರೀಶ ಸ್ಟೂಲನ್ನು ಎಳೆದುಕೊಂಡು ಹತ್ತಿರ ಬಂದ. ಮೊದಲ ಸಲ ಸಂಘಕ್ಕೆ ಹೋದ ದಿನ, ಅವಳು ಉಟ್ಟಿದ್ದ ಹಸಿರು ಇಳಕಲ್ ಸೀರೆ, ಅಂದಿನ ನಾಟಕದ ಬಗ್ಗೆ ಅಧ್ಯಕ್ಷರೊಡನೆ ಅವಳು ಮಾಡಿದ ಜಗಳ, ಒಂದೊಂದನ್ನೇ ಹೇಳತೊಡಗಿದ. ಎದುರಿನ ಥಿಯೇಟರಿನಲ್ಲಿ ಇಂಟರ್‌ವಲ್ ಮುಗಿದ ಗಂಟೆ ಹೊಡೆಯಿತು. ಚಾರುಲತಾ ಫೋನನ್ನು ಆರಿಸಿ, ಗಲ್ಲಕ್ಕೆ ಕೈಕೊಟ್ಟು ಕೇಳುತ್ತ ಕೂತಳು.