ಪುಕ್ಕದ ಸಿಂಬೆ

"ಆ ದಿಂಬಿನ ಹೊಲಿಗೆ ಬಿಚ್ಚಿ ನೋಡು. ಒಳಗೆ ಸಿಂಬೆ ಇದ್ರೆ ಒಲೆಗೆ ಹಾಕು," ಎಂದಳು ಹಳ್ಳದಾಚೆ ಮನೆಯ ಕೊರ್ಡುಲ ಅಜ್ಜಿ.

ಒಟೀಲಿಯ ನಕ್ಕಳು. ಸೇಂಟ್ ಲೂಯಿಸ್‌ನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಅವಳು. ಆನ್ಸೆಲ್ಮ್‌ನ ಎರಡನೆಯ ಹೆಂಡತಿಯಾಗಿ ಕಾನ್ಸಾಸ್‌ನ ಈ ಬಯಲಿಗೆ ಬಂದು ಒಂದು ಬೇಸಿಗೆ ಕಳೆದಿತ್ತು, ಅಷ್ಟೇ.

"ದಿಂಬಿನೊಳಗೆ ಪುಕ್ಕ ಇರುತ್ತೆ ಅಜ್ಜಿ. ಇನ್ನೇನು, ಹೆಬ್ಬಾತೇ ಕೂತಿರುತ್ತಾ?"

"ನಗು, ನಗು. ವಾಲ್ಬುರ್ಗಾನೂ ನಕ್ಕಿದ್ಲು."

ವಾಲ್ಬುರ್ಗ ಮೊದಲ ಹೆಂಡತಿ. ಮಿಡತೆ ಬಂದ ವರ್ಷ ಸತ್ತವಳು. ಆ ವರ್ಷ ಸುತ್ತಲಿನ ಗೋಧಿಯೆಲ್ಲ ಬುಡಸಮೇತ ಹೋಗಿತ್ತು. ಆನ್ಸೆಲ್ಮ್‌ನ ಹೊಲದ ಅಂಚಿಗೆ ಬಂದ ಮಿಡತೆಗಳು ಮಾತ್ರ ಅಲ್ಲಿಂದಲೇ ತಿರುಗಿ ಹೋದವು ಎಂದು ಹಳ್ಳದಾಚೆಯವರು ಈಗಲೂ ದನಿ ತಗ್ಗಿಸಿ ಹೇಳುತ್ತಿದ್ದರು.

"ಪುಕ್ಕಗಳು ತಾವಾಗೇ ಸುತ್ತಿಕೊಳ್ತವೆ. ಎರಡು ತುದಿ ಕೂಡಿದ ದಿನ ಆ ದಿಂಬಿಗೆ ತಲೆ ಕೊಟ್ಟವಳು ಮುಗಿದ್ಲು," ಎಂದಳು ಅಜ್ಜಿ. "ಅದಕ್ಕೆ ಮುಂಚೆ ಸುಟ್ರೆ, ಮಾಟ ಕಟ್ಟಿದವರ ಮೈಗೇ ಉರಿ ಹತ್ತುತ್ತೆ. ತಡೆಯೋಕಾಗದೆ ನಿನ್ನ ಬಾಗಿಲಿಗೆ ಬಂದು ಏನಾದ್ರೂ ಕೇಳ್ತಾರೆ. ಸೂಜಿನೋ, ಹಿಟ್ಟೋ, ಕೆಂಡಾನೋ. ಹೊತ್ತು ಮುಳುಗೋವರೆಗೆ ಯಾರಿಗೂ ಏನೂ ಕೊಡಬೇಡ. ಕೊಟ್ಟೆ ಅಂದ್ರೆ ಮಾಟ ತಿರುಗಿ ನಿನಗೇ."

"ಮದುವೆಯಲ್ಲಿ ನನ್ನ ಗಂಡ ಕೈಯಾರೆ ಹಾಸಿದ ಹಾಸಿಗೆ ಅದು," ಎಂದಳು ಒಟೀಲಿಯ.

ಅಜ್ಜಿ ತನ್ನ ಕಪ್ಪು ಶಾಲನ್ನು ತಲೆಗೆಳೆದುಕೊಂಡು ಹೊರಟಳು.

ಸುಗ್ಗಿ ಮುಗಿದ ಮೇಲೆ ಆನ್ಸೆಲ್ಮ್ ಹೊಲದ ಮಣ್ಣನ್ನು ಬೂಟಿನ ತುದಿಯಿಂದ ಕೆದಕಿದ. ಅಕ್ಕಿಕಾಳಿನಂಥ ಮಿಡತೆ ಮೊಟ್ಟೆಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿದ್ದವು. "ಮತ್ತೆ ಬರ್ತವೆ," ಎಂದ. ಅವನ ಮುಖದಲ್ಲಿ ಕಳವಳದ ಒಂದು ಗೆರೆಯೂ ಇರಲಿಲ್ಲ.

ಚಳಿ ಇಳಿದಾಗ ಒಟೀಲಿಯಳ ಎದೆ ಬಿಗಿಯತೊಡಗಿತು. ಬೆಳಗೆದ್ದರೆ ಗಂಟಲಲ್ಲಿ ಪುಕ್ಕ ಸಿಕ್ಕಿಕೊಂಡಂತೆ. ಕೆಮ್ಮಿದರೆ ಏನೂ ಬಾರದು. ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳಿಂದ ಕಟ್ಟಿದ ಮನೆ ಅದು. ಗೋಡೆ ಬೆವರುತ್ತಿತ್ತು, ಮಾಡಿನಿಂದ ಮಣ್ಣು ಉದುರುತ್ತಿತ್ತು, ಒಲೆಯಲ್ಲಿ ಬೆರಣಿ ಹೊಗೆಯಾಡುತ್ತಿತ್ತು. ಇಂಥ ಮನೆಯಲ್ಲಿ ಯಾರಿಗೆ ಕೆಮ್ಮು ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಬಾವಿಯ ಹಗ್ಗ ಎಳೆಯಲಾರದೆ ಕುಸಿದು ಕೂತಳು. ಆಮೇಲೆ ಉಂಗುರ ಬೆರಳಿಂದ ತಾನಾಗಿ ಜಾರಿತು. ಗಂಡ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಕೇಳಲಿಲ್ಲ. ಅವನು ಯಾವತ್ತೂ ಏನನ್ನೂ ಕೇಳುವವನಲ್ಲ. ರೊಟ್ಟಿಯಾಗಲಿ, ನೀರಾಗಲಿ, ಅವಳ ಮೈಯಾಗಲಿ, ಬೇಕಾದಾಗ ಕೈಚಾಚಿ ತೆಗೆದುಕೊಳ್ಳುವವನು.

ಹಿಮಗಾಳಿ ಎದ್ದ ದಿನ ಅವನು ದಾರಿ ತಪ್ಪದಂತೆ ಮನೆಯಿಂದ ಕೊಟ್ಟಿಗೆಗೆ ಕಟ್ಟಿದ್ದ ಹಗ್ಗ ಹಿಡಿದು ದನಗಳ ಬಳಿಗೆ ಹೋದ. ಹಗಲಲ್ಲೇ ಕಿಟಕಿ ಬಿಳಿಯಾಗಿ ಮುಚ್ಚಿ ಒಳಗೆ ಕತ್ತಲಾಯಿತು. ಒಟೀಲಿಯ ಮಲಗಲೆಂದು ದಿಂಬಿಗೆ ತಲೆಯಿಟ್ಟಳು. ಕಿವಿಯ ಕೆಳಗೆ ಏನೋ ಅಲುಗಿತು.

ಕತ್ತರಿ ತಂದು ಹೊಲಿಗೆ ಕುಯ್ದಳು. ಒಳಗೆ ಕೈಯಿಟ್ಟಳು. ಮೆತ್ತನೆಯ ಪುಕ್ಕಗಳ ನಡುವೆ ಗಟ್ಟಿಯಾದದ್ದೊಂದು ಸಿಕ್ಕಿತು. ದಾರವಿಲ್ಲ, ಗಂಟಿಲ್ಲ. ಒಂದೊಂದು ಪುಕ್ಕವೂ ಒಂದೇ ದಿಕ್ಕಿಗೆ ಬಾಗಿ, ಇನ್ನೊಂದರ ಬೆನ್ನೇರಿ, ತಲೆಯ ಮೇಲಿಡುವ ಸಿಂಬೆಯಂತೆ ಸುತ್ತಿಕೊಂಡಿತ್ತು. ಎರಡು ತುದಿಗಳ ನಡುವೆ ಒಂದು ಬೆರಳಿಡುವಷ್ಟು ಜಾಗ. ನಡುವೆ ಸಿಕ್ಕಿಕೊಂಡಿದ್ದ ಕೂದಲು ಅವಳದೇ.

ಒಲೆಗೆ ಎಸೆದಳು. ಅದು ಚೀರುತ್ತಲೇ ಉರಿದುಹೋಯಿತು. ಸುಟ್ಟ ಪುಕ್ಕದ ಕಮಟು ಮನೆ ತುಂಬಿತು. ಎದೆಯ ಬಿಗಿ ಹಗ್ಗ ಬಿಚ್ಚಿದಂತೆ ಸಡಿಲಾಯಿತು. ಎಷ್ಟೋ ದಿನಗಳ ಮೇಲೆ ಎದೆತುಂಬ ಉಸಿರೆಳೆದುಕೊಂಡಳು.

ಬಾಗಿಲು ಬಡಿದ ಸದ್ದು.

"ಮಗಳೇ, ನಾನು, ಕೊರ್ಡುಲ. ನನ್ನ ಒಲೆ ಆರಿಹೋಗಿದೆ. ಎರಡು ಕೆಂಡ ಕೊಡು."

ಒಟೀಲಿಯ ಅಗುಳಿಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

"ಇಲ್ಲ ಅಜ್ಜಿ."

ಹೊರಗೆ ಬರೀ ಗಾಳಿ. ಆಮೇಲೆ ಮುದುಕಿಯ ದನಿ, "ಸುಟ್ಟೆಯಾ?"

"ಸುಟ್ಟೆ."

"ನಾನೇ ಕಟ್ಟಿದ್ರೆ ಸುಡು ಅಂತ ನಾನೇ ಹೇಳ್ತಿದ್ನಾ, ಪೆದ್ದಿ?"

"ಯಾರಿಗೂ ಕೊಡಬೇಡ ಅಂದವಳೂ ನೀನೇ ತಾನೇ."

"ಹೌದು ಹೌದು. ಚೆನ್ನಾಗಿ ಪಾಠ ಕಲ್ತಿದ್ದೀಯ." ಮುದುಕಿ ನಕ್ಕಳೋ ಕೆಮ್ಮಿದಳೋ. "ಕೆಂಡ ಬೇಡ ಬಿಡು. ಒಳಗೆ ಕೂರ್ತೀನಿ, ಅಷ್ಟೇ. ಕಾಲು ನನ್ನದಲ್ಲ ಅನ್ನೋ ಹಾಗಾಗಿದೆ."

ಶಾಖ ಕೇಳುತ್ತಿದ್ದಾಳೆ. ಅದೂ ಕೇಳಿದ್ದೇ ತಾನೇ. ಒಟೀಲಿಯ ಉಣ್ಣೆ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕೆಂಡ ಒಯ್ಯುವ ಕಬ್ಬಿಣದ ಪಾತ್ರೆ ಎಲ್ಲೋ ಬಿದ್ದ ಸದ್ದು ಒಮ್ಮೆ ಕೇಳಿತು. ಆಮೇಲೆ ಅದೂ ಇಲ್ಲ. ನಾನು ಬದುಕಿದೆ ಎಂದುಕೊಂಡಳು. ಅಳು ಬಂತು.

ಹೊತ್ತು ಮುಳುಗುವ ಮುನ್ನ ಮತ್ತೆ ಬಡಿತ. "ಒಟೀಲಿಯ, ಬಾಗಿಲು ತೆಗಿ."

ಗಂಡ. ಮನೆಯವನು. ಅಗುಳಿ ತೆಗೆದಳು. ಹಿಮ ಮೆತ್ತಿದ ಮೀಸೆ, ಕೆಂಪಗೆ ಕಾದ ಮುಖ. ಅವನು ಹೊಸ್ತಿಲಾಚೆಯೇ ನಿಂತ.

"ಒಂದು ಹಿಡಿ ಉಪ್ಪು ಕೊಡು. ಹಸು ಮೇವು ಮುಟ್ತಿಲ್ಲ."

ಅಳುತ್ತಲೇ ಅವಳು ಜಾಡಿಗೆ ಕೈಹಾಕಿ ತುಂಬಿ ತಂದು ಅವನ ಅಂಗೈಗೆ ಸುರಿದಳು. ಅವನ ಅಂಗೈ ಸುಡುತ್ತಿತ್ತು.

"ಒಳಗೆ ಬನ್ನಿ, ಅಜ್ಜಿ ಬಂದಿದ್ಲು, ನಾನು ಅವಳನ್ನ..."

ಅವನು ಒಳಗೆ ಬಂದ. ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪನ್ನು ಜೇಬಿಗಿಳಿಸಿ ಒಲೆಯ ಮುಂದೆ ಕೂತು ಬೂಟು ಕಳಚತೊಡಗಿದ. ಅವನ ಮುಖದ ಕೆಂಪು ನಿಧಾನವಾಗಿ ಇಳಿಯುತ್ತಿತ್ತು.

"ಹಸು?" ಎಂದಳು.

"ಚೆನ್ನಾಗಿದೆ."

ಜಾಡಿ ಅವನದು. ಮನೆ ಅವನದು. ಕೈಚಾಚಿದರೆ ಸಿಗುತ್ತಿತ್ತು. ಯಾಕೆ ಕೇಳಿದ? ಇವತ್ತೇ ಯಾಕೆ ಕೇಳಿದ?

ಎದೆ ಬಿಗಿಯಿತು. ಮೊದಲಿಗಿಂತ ಬಿಗಿ. ಗಂಟಲಲ್ಲಿ ಪುಕ್ಕ. ಹಾಸಿಗೆಯ ಮೇಲೆ ಸೀಳಿ ಬಿದ್ದ ದಿಂಬಿನಲ್ಲಿ ಏನೋ ಸರಸರ ಸುತ್ತಿಕೊಳ್ಳುತ್ತಿತ್ತು. ಅವಳು ಬಾಗಿಲಿಗೆ ಓಡಿದಳು. ತೆರೆದಳು. ಎದುರಿಗೆ ಬಿಳಿ. ಆಕಾಶವಿಲ್ಲ, ನೆಲವಿಲ್ಲ, ಹಳ್ಳದಾಚೆಯ ದಾರಿಯಿಲ್ಲ.

"ಅಜ್ಜಿ," ಎಂದು ಕೂಗಿದಳು. "ಅಜ್ಜಿ, ಒಳಗೆ ಬಾ."

ಗಾಳಿ ಆ ಮಾತನ್ನು ಅವಳ ಬಾಯಿಗೇ ತಿರುಗಿ ತುರುಕಿತು. ಇನ್ನೊಮ್ಮೆ ಕೂಗಲು ಉಸಿರು ಸಾಲಲಿಲ್ಲ. ಕಾಲ ಬಳಿ ಹಿಮದಲ್ಲಿ ಕಪ್ಪು ಶಾಲಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿದ್ದುದು ಗಾಳಿಗೆ.

"ಬಾಗಿಲು ಹಾಕು," ಎಂದ ಆನ್ಸೆಲ್ಮ್ ಹಿಂದಿನಿಂದ, ಮೆತ್ತಗೆ. "ಮನೆ ತಣ್ಣಗಾಗ್ತಿದೆ. ಬಂದು ಮಲಕ್ಕೋ."

ಹೋಗಲು ಬೇರೆ ಜಾಗವಿರಲಿಲ್ಲ. ಒಟೀಲಿಯ ಬಾಗಿಲು ಹಾಕಿದಳು.