ಮುಂದಿನಿಂದ ಕಿತ್ತ ಪಟ

ಸಂತ ನಿಕೋಲನ ಪಟವಿದ್ದ ಜಾಗದಲ್ಲಿ ಬೆಳಿಗ್ಗೆ ಬರೀ ಚೌಕಟ್ಟಿತ್ತು. ಪಿನೆಗಾ ನದಿಯ ದಂಡೆಯ ಆ ಮರದ ಚರ್ಚಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಇರುತ್ತಿದ್ದದ್ದು ದೀಪ ಹಚ್ಚುವ ಸವ್ವಾತಿಯ ಮನೆಯಲ್ಲಿ. ಜನ ತನ್ನ ಕಡೆ ತಿರುಗುವ ಮೊದಲೇ ಅವನು, ಕಟ್ಟಡದ ಅಳತೆ ತೆಗೆಯಲು ನಗರದಿಂದ ಬಂದಿದ್ದ ಗ್ಲೇಬನ ಹೆಸರು ಹೇಳಿಬಿಟ್ಟ. ನಿನ್ನೆಯೆಲ್ಲ ಕೀಲಿ ಅವನ ಹತ್ತಿರವೇ ಇತ್ತು, ಹಿಂದಿರುಗಿಸುವ ಮೊದಲೇ ಪಟ ಎತ್ತಿರಬೇಕು ಎಂದ. ಸಂಜೆಯ ದೋಣಿಯಲ್ಲಿ ಪೊಲೀಸರು ಬಂದು ಗ್ಲೇಬನನ್ನು ಕರೆದೊಯ್ಯುವವರಿದ್ದರು.

ಕಳವಾದರೆ ಆ ಕಡೆಯ ಹಳ್ಳಿಗಳವರು ಹೇಳಿಕಳಿಸುತ್ತಿದ್ದುದು ಮುದಿ ಬಡಗಿ ನಿಕಾನೋರನಿಗೆ. ಅಂಥ ಹೊತ್ತಿನಲ್ಲೆಲ್ಲ ಅವನಿಗೆ ದೀಪ ಹಿಡಿಯುತ್ತಿದ್ದವನು ಗೆಳೆಯ ಸವ್ವಾತಿಯೇ. ಇವತ್ತು ಸವ್ವಾತಿ ದೀಪವನ್ನು ಚೌಕಟ್ಟಿನ ಹತ್ತಿರಕ್ಕೇ ತರುತ್ತಿರಲಿಲ್ಲ. ಚರ್ಚಿಗೆ ಹೊರಡುವ ಮೊದಲು ಹೆಂಡತಿ ಅನ್ಫೀಸಾ ಮೀನು ತುಂಬಿದ ರೊಟ್ಟಿಯನ್ನು ಕುಯ್ಯದೆ ಕೈಯಲ್ಲೇ ಮುರಿದು ಕೊಟ್ಟಿದ್ದಳು. ಚೂರಿ ಎಲ್ಲಿ ಎಂದು ಅವನು ಕೇಳಿರಲಿಲ್ಲ.

"ದೀಪ ಹಿಡಿಯೋಕೆ ಬಂದಿದೀಯೋ, ಆರಿಸೋಕೋ?" ಎಂದ ನಿಕಾನೋರ್.

ಚೌಕಟ್ಟಿನ ಮುಂಭಾಗವೆಲ್ಲ ಗೀರುಬಿದ್ದಿತ್ತು. ಒಂದು ಗೀರಿನೊಳಗಿಂದ ಅವನು ತೆಳ್ಳನೆಯ ಚೂರಿಯ ಮುರಿದ ಮೊನೆಯೊಂದನ್ನು ಎಳೆದು ತೆಗೆದ. ಆಮೇಲೆ ಪಟಗಳ ಗೋಡೆಯ ಹಿಂದಕ್ಕೆ, ಹೆಂಗಸರು ಕಾಲಿಡದ ಪೀಠದ ಕೋಣೆಗೆ ಹೋದ. ಅಲ್ಲಿ, ಪಟಕ್ಕೆ ಆಸರೆಯಾಗಿದ್ದ ಎರಡು ಮರದ ಬೆಣೆಗಳು ಅಲುಗದೆ ಕೂತಿದ್ದವು.

ಮಧ್ಯಾಹ್ನ ಊರವರನ್ನೆಲ್ಲ ಚರ್ಚಿನ ಮುಂಪಡಸಾಲೆಯಲ್ಲಿ ಕೂರಿಸಿದ.

"ಹಿಂದಿನಿಂದ ಎರಡು ಬೆಣೆ ಎಳೆದ್ರೆ ಪಟ ತಾನಾಗೇ ಕೈಗೆ ಬರುತ್ತೆ. ಈ ಗ್ಲೇಬ್ ಆ ಬೆಣೆಗಳ ಚಿತ್ರಾನೂ ಬರ್ಕೊಂಡಿದಾನೆ, ನೋಡಿ. ಅವನ್ಯಾಕೆ ಮುಂದಿನಿಂದ ಮೀಟ್ತಾನೆ?"

ಬೀಗ ಒಡೆದಿಲ್ಲ, ಅಂದಮೇಲೆ ಕದ್ದ ಕೈ ಕೀಲಿಯಿದ್ದ ಮನೆಯದೇ ಎಂದ. ಆ ಮನೆಯ ಸವ್ವಾತಿ ದಿನಾ ಹಿಂದಿನ ಕೋಣೆಗೆ ಹೋಗುವವನು, ಬೆಣೆ ಬಲ್ಲವನು. ಕದಿಯುವಾಗಲೂ ಆ ಹೊಸ್ತಿಲು ದಾಟಲು ಹೆದರಿದವರು ಯಾರು ಎಂದು ಕೇಳಿ, ಚೂರಿಯ ಮೊನೆಯನ್ನು ಬೆಂಚಿನ ಮೇಲಿಟ್ಟ.

ಅನ್ಫೀಸಾ ಎದ್ದು ನಿಂತಳು. ಸರ್ಕಾರ ಚರ್ಚು ಮುಚ್ಚಿಸಿದ ಕಾಲದಲ್ಲಿ ಆ ಪಟವನ್ನು ಹಿಟ್ಟಿನ ಪೀಪಾಯಿಯಲ್ಲಿ ಬಚ್ಚಿಟ್ಟು ಉಳಿಸಿದವಳು ಅವಳ ಅಜ್ಜಿ.

"ಅಳತೆ ಮುಗಿದ ಮೇಲೆ ಪಟಾನ ಮ್ಯೂಸಿಯಂಗೆ ಒಯ್ತಾರೆ ಅಂದ್ರು ನಮ್ಮನೆಯವರು. ಅದೇ ಪೀಪಾಯಿಲಿ ಇಟ್ಟಿದೀನಿ."

"ನಾನು ಬಂದಿರೋದು ಸೋರೋ ಗುಮ್ಮಟ ನೋಡೋಕಮ್ಮ," ಎಂದ ಗ್ಲೇಬ್. "ಪಟದ ಸುದ್ದೀನೇ ಯಾರೂ ಎತ್ತಿಲ್ಲ."

ಮ್ಯೂಸಿಯಂನ ಮಾತು ಸವ್ವಾತಿ ಊಟಕ್ಕೆ ಕೂತಾಗ ಬಾಯಿಗೆ ಬಂದಂತೆ ಆಡಿದ್ದು. ಸವ್ವಾತಿ ನೆಲ ನೋಡಿದ. ಯಾರೂ ಅನ್ಫೀಸಾಳನ್ನು ಬಯ್ಯಲಿಲ್ಲ. ನಿಕಾನೋರ್ ಗೆಳೆಯನ ಮುಖ ನೋಡದೆ, ಇನ್ನೇನೂ ಇಲ್ಲ, ಏಳಿ ಎಂದ. ಸವ್ವಾತಿ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವನು ಗ್ಲೇಬನ ಮುಂದೆ ಮಂಡಿಯೂರಿ ಹಣೆಯನ್ನು ನೆಲದ ಹಲಗೆಗೆ ಮುಟ್ಟಿಸಿದ.

"ನಿನ್ನ ಹೆಸರು ಹೇಳೋವಾಗ್ಲೇ ನೀನಲ್ಲ ಅಂತ ನನಗೆ ಗೊತ್ತಿತ್ತಪ್ಪ."

ಏಳಲು ಹೊರಟಿದ್ದವರು ಮತ್ತೆ ಕೂತರು. ಆ ಕಡೆಯ ವಾಡಿಕೆಯಂತೆ, ಕ್ಷಮಿಸಿದೆ ಎಂದು ಗ್ಲೇಬ್ ಹೇಳುವವರೆಗೆ ಸವ್ವಾತಿ ತಲೆ ಎತ್ತುವಂತಿರಲಿಲ್ಲ.